ಸಹಾಯ ಬೇಕು: ಕರ್ನಾಟಕ ಕೊಳಲಿನಿಂದ ಬಾನ್ಸುರಿಗೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿದ್ದೇವೆ. ಹತ್ತು ವರ್ಷದ ಮಗಳು ಒಬ್ಬ ಮೇಷ್ಟ್ರ ಮನೆಗೆ ಹೋಗಿ ಕರ್ನಾಟಕ ಕೊಳಲು ಕಲಿಯುತ್ತಿದ್ದಳು. ಸರಳೆ, ಜಂಟಿ ವರಸೆ ಅನ್ನೋ ಮೊದಲ ಸ್ವರಪಾಠಗಳು ಮುಗಿದು ಗೀತೆಗೆ ಬಂದಿದ್ದಳು. ಎರಡನೇ ತೂತನ್ನು ಅರ್ಧ ಮಾತ್ರ ತೆರೆದು ಮಾಯಾಮಾಳವಗೌಳ ರಾಗದ ಶುದ್ಧ ರಿಷಭ (ಕೆಳಗಿನ 'ರಿ' ಸ್ವರ) ಹಿಡಿಯೋದೇ ದೊಡ್ಡ ಸಾಹಸ ಆಗಿತ್ತು, ಈಗ ಚೆನ್ನಾಗಿ ಬರುತ್ತೆ. ಅಷ್ಟರಲ್ಲಿ ಮೇಷ್ಟ್ರು ಊರು ಬಿಟ್ಟರು.

ಆನ್‌ಲೈನ್ ಪಾಠ ನೋಡಿದೆವು. ಝೂಮ್ ಕೊಳಲಿನ ನಾದವನ್ನೇ ಗದ್ದಲ ಅಂದುಕೊಂಡು ಕತ್ತರಿಸುತ್ತಿತ್ತು. 'ಒರಿಜಿನಲ್ ಸೌಂಡ್' ಆನ್ ಮಾಡಿದ ಮೇಲೆ ಅದು ಸರಿಹೋಯ್ತು. ಆದರೆ ತುಟಿ ಎಷ್ಟು ವಾರೆ ಇಡಬೇಕು ಅಂತ ಪರದೆಯಲ್ಲಿ ತಿದ್ದೋದು ಕಷ್ಟ.

ಪಕ್ಕದ ಬೀದಿಯಲ್ಲೇ ಮನೆಪಾಠ ಮಾಡುವ ಇನ್ನೊಬ್ಬರಿದ್ದಾರೆ. ತಾಳ್ಮೆಯ ಮನುಷ್ಯ, ಮಗಳಿಗೂ ಇಷ್ಟ. ಆದರೆ ಅವರದ್ದು ಹಿಂದೂಸ್ತಾನಿ ಕೊಳಲು, ಅಂದರೆ ಬಾನ್ಸುರಿ. ನಮ್ಮ ಕೊಳಲಲ್ಲಿ ಎರಡು ತೂತು ಮುಚ್ಚಿದರೆ ಷಡ್ಜ ('ಸ' ಸ್ವರ), ಅಲ್ಲಿ ಮೂರು ಮುಚ್ಚಬೇಕು. ಬಾನ್ಸುರಿ ಉದ್ದವೂ ಜಾಸ್ತಿ. ಅವಳ ಉಂಗುರದ ಬೆರಳು ಕೆಳಗಿನ ತೂತಿಗೆ ಪೂರ್ತಿ ಕೂರಲ್ಲ, ಗಾಳಿ ಸೋರಿ ಬರೀ ಉಸ್ ಅನ್ನುತ್ತೆ. ಸಣ್ಣ ಬಾನ್ಸುರಿ ತಂದರೆ ಆಯ್ತು ಅನ್ನುತ್ತಾರೆ ಅವರು.

ನನ್ನ ಗೊಂದಲ ಬೆರಳಿನದ್ದು. ಮುಂದೆ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿಸುವ ಆಸೆ ಇದೆ. ಈಗ ಬಾನ್ಸುರಿ ಹಿಡಿದರೆ ಕಲಿತ ಬೆರಳುಗಾರಿಕೆ ಕಲಸಿಹೋಗುತ್ತಾ? ಅಥವಾ ಕರ್ನಾಟಕ ಮೇಷ್ಟ್ರು ಸಿಗುವವರೆಗೆ ಆನ್‌ಲೈನ್‌ನಲ್ಲೇ ಮುಂದುವರಿಸೋದು ವಾಸಿನಾ? ಮಕ್ಕಳನ್ನು ಹೀಗೆ ಬದಲಾಯಿಸಿದವರು, ಇಲ್ಲ ನೀವೇ ಎರಡೂ ನುಡಿಸುವವರು ದಯವಿಟ್ಟು ಹೇಳಿ.