ಹೋಮ್‌ಸ್ಟೇ ವೆಬ್‌ಸೈಟ್ ಚೆಂದ ಇದೆ, ಫೋನೇ ಬರುತ್ತಿಲ್ಲ

ಶಿರಸಿ ಕಡೆಯವ: ಯಾಣದ ದಾರಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಒಂದು ಏಜೆನ್ಸಿಯವರು ವೆಬ್‌ಸೈಟ್ ಮಾಡಿಕೊಟ್ಟರು. ತೆರೆದ ಕೂಡಲೇ ಜಲಪಾತದ ದೊಡ್ಡ ವಿಡಿಯೊ. ಆರು ತಿಂಗಳಾಯಿತು, ಅದರಿಂದ ಒಂದು ಫೋನೂ ಬಂದಿಲ್ಲ ಮಾರಾಯ್ರೆ. ಈಗ ಜಾಹೀರಾತಿಗೆ ಇನ್ನಷ್ಟು ದುಡ್ಡು ಹಾಕಿ ಅಂತಾರೆ. ಹಾಕೋದಾ?

ಕಾರವಾರದ ಡಿಸೈನರ್: ಈಗಲೇ ಬೇಡ. ಮೊದಲು ಆ ವಿಡಿಯೊ ತೆಗೆಸಿ. ದೇವಿಮನೆ ಘಟ್ಟದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೆ ಅದು ತೆರೆಯುವುದೇ ಇಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನದೇ ಅಳತೆ. ಫೋಟೊಗಳ ಸೈಜು ಇಳಿಸಿ, ರೂಮಿನ ರೇಟು, ಊಟಕ್ಕೆ ಏನಿರುತ್ತದೆ, ಮಳೆಗಾಲದಲ್ಲಿ ಕಾರು ಮನೆವರೆಗೆ ಬರುತ್ತದಾ ಅನ್ನೋದನ್ನೆಲ್ಲ ಮೇಲೆಯೇ ಬರೆದು, ಪಕ್ಕದಲ್ಲಿ ವಾಟ್ಸಾಪ್ ಬಟನ್ ಹಾಕಿಸಿ.

ಕುಮಟೆಯವಳು: ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಲ್ಲಿದೆ ನೋಡಿದ್ದೀರಾ? ನಮ್ಮದು ಏಜೆನ್ಸಿಯವರ ಹೆಸರಲ್ಲೇ ಇತ್ತು, ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಯಿತು. ಗೂಗಲ್ ಮ್ಯಾಪ್ ಕೂಡ ನೋಡಿ. ನಮ್ಮ ಮನೆಯನ್ನು ಪಕ್ಕದವರ ಅಡಿಕೆ ತೋಟದಲ್ಲಿ ತೋರಿಸುತ್ತಿತ್ತು!

ಕಾರವಾರದ ಡಿಸೈನರ್: ಹೌದು, ಅದು ಮುಖ್ಯ. ಮತ್ತೆ ಬದಲಾವಣೆ ಹೇಳುವಾಗ ಮನೆಯಿಂದ ಒಬ್ಬರೇ ಹೇಳಿ. ಅಣ್ಣನಿಗೆ ಒಂದು ಬಣ್ಣ, ತಮ್ಮನಿಗೆ ಇನ್ನೊಂದು ಅಂದರೆ ಕೆಲಸ ಮೂರು ಸಲ ಆಗುತ್ತದೆ, ಬಿಲ್ಲು ನಿಮಗೇ.

ಶಿರಸಿ ಕಡೆಯವ: ತಮ್ಮ ಅಲ್ಲ, ನಮ್ಮಲ್ಲಿ ಅತ್ತಿಗೆ. ಮ್ಯಾಪ್ ಈಗ ನೋಡಿದೆ. ನಮ್ಮ ಮನೆ ಹೊಳೆಯಲ್ಲಿದೆ!