ಸಣ್ಣ ಕಮಿಟ್‌ಗಳೋ, ಕೊನೆಗೆ ಒಂದೇ ಕಮಿಟ್ಟೋ? ನಿಮ್ಮ ಅನುಭವ ಹೇಳಿ

ಹೊಸಕವಲು:
ಐದು ಜನರ ತಂಡ, ಒಂದೇ ಗಿಟ್ ರೆಪೊ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇಡುವ ಜಾಗ). ಫೀಚರ್ ಬ್ರಾಂಚ್ (ಹೊಸ ಕೆಲಸಕ್ಕೆ ಬೇರೆ ಮಾಡಿದ ಕವಲು) ಮೂರ್ನಾಲ್ಕು ದಿನ ಇರುತ್ತೆ. ಕೆಲವರು ದಿನಕ್ಕೆ ಹತ್ತು ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಹಾಕ್ತಾರೆ, ಕೆಲವರು ಕೊನೆಗೆ ಒಂದೇ. ಮುಖ್ಯ ಬ್ರಾಂಚ್ ಮೇನ್‌ಗೆ ಸೇರಿಸುವಾಗ ರೀಬೇಸ್ (ಕಮಿಟ್‌ಗಳನ್ನು ಒಂದೊಂದಾಗಿ ಮೇನ್‌ನ ತುದಿಯ ಮೇಲೆ ಮತ್ತೆ ಕೂರಿಸೋದು) ಒಳ್ಳೇದೋ, ಸ್ಕ್ವಾಶೋ (ಎಲ್ಲವನ್ನೂ ಒಂದೇ ಕಮಿಟ್ ಮಾಡೋದು), ಸುಮ್ಮನೆ ಮರ್ಜ್ (ಎರಡು ಕವಲನ್ನು ಇದ್ದ ಹಾಗೇ ಜೋಡಿಸೋದು) ಸಾಕೋ? ಸಂಜೆ ಕೆಲಸ ಅರ್ಧಕ್ಕೆ ನಿಂತರೆ ಸ್ಟ್ಯಾಶ್ (ಬ್ರಾಂಚಿಗೆ ಕಮಿಟ್ ಮಾಡದೆ ಪಕ್ಕಕ್ಕೆ ಎತ್ತಿಡೋದು) ಮಾಡಿಟ್ಟು ಹೋಗ್ತೀರಾ? ತಂಡಕ್ಕೆ ಒಂದು ನಿಯಮ ಬರೀಬೇಕಾಗಿದೆ.

ಪುಟ್ಟಕಮಿಟ್:
ಸಣ್ಣ ಕಮಿಟ್, ರೀಬೇಸ್. ಎರಡು ಮಾತಿಲ್ಲ.

ಬೈಸೆಕ್ಟ್ (ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಕೆಟ್ಟ ಕಮಿಟ್ ಹುಡುಕುವ ಗಿಟ್ ಆಜ್ಞೆ) ಬಳಸುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಸಾವಿರ ಕಮಿಟ್‌ಗಳಲ್ಲಿ ಯಾವುದು ಕೆಡಿಸಿತು ಅಂತ ಹಿಡಿಯೋಕೆ ಸುಮಾರು ಹತ್ತು ಬಿಲ್ಡ್ ಸಾಕು. ಆದರೆ ಕೊನೆಗೆ ಕೈಗೆ ಸಿಕ್ಕ ಕಮಿಟ್‌ನಲ್ಲಿ 1800 ಸಾಲು ಬದಲಾಗಿದ್ದರೆ ಏನು ಸಿಕ್ಕ ಹಾಗಾಯ್ತು? ಅರ್ಧ ದಿನ ಡಿಫ್ (ಬದಲಾದ ಸಾಲುಗಳ ಪಟ್ಟಿ) ಓದುವ ಕೆಲಸ ಹಾಗೇ ಉಳೀತು. 40 ಸಾಲಿನ ಕಮಿಟ್ ಆಗಿದ್ದರೆ ತಪ್ಪು ಕಣ್ಣಿಗೆ ರಾಚುತ್ತೆ.

ಕೋಡ್ ಹೇಗಾದರೂ ಬರೀರಿ, ಕಮಿಟ್‌ಗೆ ಸೇರಿಸುವಾಗ 'ಆಡ್ ಪಿ' (git add -p) ಹಾಕಿ ತುಂಡು ತುಂಡಾಗಿ ಆರಿಸಿ. ಫಾರ್ಮ್ಯಾಟರ್ ಬದಲಿಸಿದ್ದು ಒಂದು ಕಮಿಟ್, ಹೆಸರು ಬದಲಿಸಿದ್ದು ಇನ್ನೊಂದು, ಲಾಜಿಕ್ ಬೇರೆ. ಫೈಲಿನ ಹೆಸರನ್ನೂ ಬದಲಿಸಿ ಅದೇ ಕಮಿಟ್‌ನಲ್ಲಿ ಒಳಗೆ ಅರ್ಧಕ್ಕಿಂತ ಹೆಚ್ಚು ತಿದ್ದಿದರೆ ಗಿಟ್ ಅದನ್ನು ರಿನೇಮ್ ಅಂತ ಗುರುತಿಸೋದಿಲ್ಲ. ಹಳೇ ಫೈಲ್ ಅಳಿಸಿದೆ, ಹೊಸದು ಬಂದಿದೆ ಅಂತಲೇ ತೋರಿಸುತ್ತೆ. ಆ ಫೈಲಿನ ಇತಿಹಾಸ ಅಲ್ಲಿಗೇ ಕಡಿದು ಹೋಯ್ತು. ರಿವ್ಯೂನಲ್ಲಿ ಬಂದ ತಿದ್ದುಪಡಿಗಳನ್ನು ಫಿಕ್ಸಪ್ ಕಮಿಟ್ (ಇಂಥ ಹಳೇ ಕಮಿಟ್‌ನ ತಿದ್ದುಪಡಿ ಅಂತ ಗುರುತು ಹಾಕಿದ್ದು) ಆಗಿ ಹಾಕಿ, ಒಪ್ಪಿಗೆ ಸಿಕ್ಕ ಮೇಲೆ ಆಟೋಸ್ಕ್ವಾಶ್ ಮಾಡಿ ಆಯಾ ಕಮಿಟ್‌ಗೆ ಸೇರಿಸಿ.

ಇದಕ್ಕೆ ಸಮಯ ತೆರಬೇಕು. ರೀಬೇಸ್ ಆದಮೇಲೆ ತುದಿಯ ಕಮಿಟ್ ಮಾತ್ರ ಪರೀಕ್ಷಿಸಿದರೆ ಸಾಲದು, ನಡುವಿನವು ಒಡೆದಿರಬಹುದು. 'ಎಕ್ಸೆಕ್' ಆಯ್ಕೆ ಕೊಟ್ಟು ಪ್ರತಿ ಕಮಿಟ್‌ಗೂ ಟೆಸ್ಟ್ ಓಡಿಸಬೇಕು. 12 ಕಮಿಟ್, ಟೆಸ್ಟ್‌ಗೆ 6 ನಿಮಿಷ, ಒಟ್ಟು 72 ನಿಮಿಷ. ಮೀಟಿಂಗ್‌ಗೆ ಹೋಗುವ ಮುಂಚೆ ಶುರು ಮಾಡಿ ಹೋಗಿ.

ಕಪ್ಪುಪರದೆ:
72 ನಿಮಿಷ ಯಾರು ಕೊಡ್ತಾರೆ? ಹತ್ತರಲ್ಲಿ ಒಂಬತ್ತು ತಂಡ ತುದಿಯನ್ನು ಮಾತ್ರ ಟೆಸ್ಟ್ ಮಾಡುತ್ತೆ, ಮೇನ್ ತುಂಬ ಬಿಲ್ಡ್ ಆಗದ ಕಮಿಟ್ ಬಿದ್ದಿರುತ್ತೆ. ಆಮೇಲೆ ಬೈಸೆಕ್ಟ್ ಮಾಡಿ ನೋಡಿ. ಬಿಲ್ಡ್ ಆಗದ ಕಡೆಯೆಲ್ಲ ಸ್ಕಿಪ್, ಕೊನೆಗೆ 'ಈ ಎಂಟರಲ್ಲಿ ಯಾವುದೋ ಒಂದು' ಅಂತ ಪಟ್ಟಿ ಕೊಟ್ಟು ನಿಲ್ಲುತ್ತೆ. 'ಬೈಸೆಕ್ಟ್ ರನ್'ಗೆ ಸ್ಕ್ರಿಪ್ಟ್ ಬರೆಯುವವರಲ್ಲಿ ಎಷ್ಟೋ ಜನ ಬಿಲ್ಡ್ ಸೋತಾಗ 125 (ಈ ಕಮಿಟ್ ಸ್ಕಿಪ್ ಮಾಡು ಅಂತ ಅರ್ಥ) ಹಿಂತಿರುಗಿಸಬೇಕು ಅನ್ನೋದನ್ನೇ ಬಿಟ್ಟಿರುತ್ತಾರೆ. 1 ಹಿಂತಿರುಗಿಸಿದರೆ ಗಿಟ್ ಅದನ್ನು ಕೆಟ್ಟ ಕಮಿಟ್ ಅಂತಲೇ ಲೆಕ್ಕ ಹಾಕಿ, ಸಂಬಂಧವೇ ಇಲ್ಲದ ಕಮಿಟ್ ಮೇಲೆ ಬೆರಳು ತೋರಿಸುತ್ತೆ.

ಸ್ಕ್ವಾಶ್ ಮಾಡಿ. ಮೇನ್‌ನಲ್ಲಿರುವ ಪ್ರತಿ ಕಮಿಟ್ ಟೆಸ್ಟ್ ದಾಟಿ ಬಂದದ್ದು. ವಾಪಸ್ ತೆಗೀಬೇಕಾ? ಒಂದೇ ರಿವರ್ಟ್. 1800 ಸಾಲು ಅನ್ನೋದು ಸ್ಕ್ವಾಶ್‌ನ ತಪ್ಪಲ್ಲ, ಅಷ್ಟು ದೊಡ್ಡ ಬ್ರಾಂಚ್ ಸಾಕಿದ್ದರ ತಪ್ಪು.

ಒಂದು ಕಡೆ ಮಾತ್ರ ಎಚ್ಚರ. ಒಂದು ಬ್ರಾಂಚಿನ ಮೇಲೆ ಇನ್ನೊಂದು ಕಟ್ಟಿದ್ದು, ಕೆಳಗಿನದು ಸ್ಕ್ವಾಶ್ ಆಗಿ ಸೇರಿದರೆ ಮೇಲಿನದರಲ್ಲಿ ಹಳೇ ಕಮಿಟ್‌ಗಳು ಹಾಗೇ ಉಳಿದು, ಮುಟ್ಟದ ಸಾಲಿನಲ್ಲೂ ಕಾನ್‌ಫ್ಲಿಕ್ಟ್ (ಗಿಟ್ ತಾನೇ ಸೇರಿಸಲಾಗದ ಘರ್ಷಣೆ) ಬರುತ್ತೆ. ಕೈಯಲ್ಲಿ ಬಿಡಿಸುತ್ತಾ ಕೂರಬೇಡಿ. ಕೆಳಗಿನ ಬ್ರಾಂಚಿನ ಹಳೇ ತುದಿಯ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಹಿಡಿದು, ಅದರ ನಂತರದ ಕಮಿಟ್‌ಗಳನ್ನು ಮಾತ್ರ 'ರೀಬೇಸ್ ಆಂಟೂ ಮೇನ್' ಮಾಡಿ, ಎರಡು ನಿಮಿಷದ ಕೆಲಸ.

ಅರ್ಧವಿರಾಮ:
ಇಬ್ಬರೂ ನಿಜವಾಗಿ ನಡೆದದ್ದನ್ನು ಅಳಿಸೋ ಪಕ್ಷದವರೇ. ನನ್ನ ಆಯ್ಕೆ ಮರ್ಜ್ ಕಮಿಟ್. ಒಳಗೆ ಸಣ್ಣ ಕಮಿಟ್‌ಗಳು ಇದ್ದ ಹಾಗೇ ಇರಲಿ. ಬೈಸೆಕ್ಟ್‌ಗೆ ಗಿಟ್ 2.29ರಿಂದ 'ಫಸ್ಟ್ ಪೇರೆಂಟ್' ಆಯ್ಕೆ ಇದೆ. ಮೊದಲು ಮರ್ಜ್‌ಗಳ ನಡುವೆ ಮಾತ್ರ ಹುಡುಕಿ, ಕೆಟ್ಟ ಮರ್ಜ್ ಸಿಕ್ಕಮೇಲೆ ಅದರ ಒಳಗೆ ಇಳೀರಿ. ಕಪ್ಪುಪರದೆ ಹೇಳಿದ ಸ್ಕಿಪ್ ತೊಂದರೆಯೂ ತೀರಿತು.

ರೀಬೇಸ್‌ನ ಕಷ್ಟಗಳನ್ನು ಯಾಕೆ ಯಾರೂ ಬರೆಯೋದಿಲ್ಲ? ಒಂದೇ ಕಾನ್‌ಫ್ಲಿಕ್ಟನ್ನು ಕಮಿಟ್‌ಗೊಂದು ಸಲ ಬಿಡಿಸಬೇಕು. ಗಿಟ್‌ನ 'ರೆರೆರೆ' (rerere) ಆಯ್ಕೆ ಆನ್ ಮಾಡಿದ್ದರೆ ಮಾತ್ರ ಅದು ಹಳೇ ಉತ್ತರ ನೆನಪಿಟ್ಟುಕೊಳ್ಳುತ್ತೆ, ತಾನಾಗಿ ಆನ್ ಇರೋದಿಲ್ಲ. ರೀಬೇಸ್ ನಡೆಯುವಾಗ 'ಅವರ್ಸ್' ಅಂದರೆ ಮೇನ್ ಕಡೆಯದು, 'ದೇರ್ಸ್' ಅಂದರೆ ನಿಮ್ಮದು. ಮರ್ಜ್‌ಗೆ ಪೂರ್ತಿ ತಿರುಗುಮುರುಗು. ಅವಸರದಲ್ಲಿ ನಿಮ್ಮ ಕೆಲಸವನ್ನೇ ಎಸೆದಿರುತ್ತೀರಿ.

ಇನ್ನು ಫೋರ್ಸ್ ಪುಶ್, ಅಂದರೆ ರೀಬೇಸ್ ಆದ ಬ್ರಾಂಚನ್ನು ರಿಮೋಟ್ (ಸರ್ವರ್‌ನಲ್ಲಿರುವ ಪ್ರತಿ) ಮೇಲೆ ಬಲವಂತವಾಗಿ ಬರೆಯೋದು. 'ವಿತ್ ಲೀಸ್' (ರಿಮೋಟ್ ನಾವು ಕೊನೆಗೆ ನೋಡಿದ ಹಾಗೇ ಇದ್ದರೆ ಮಾತ್ರ ಬರೆಯುವ ಆಯ್ಕೆ) ಇದೆ, ಭಯ ಇಲ್ಲ ಅಂತಾರೆ. ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡ್ತಾ ಇದ್ದರೆ ಆ ರಕ್ಷಣೆ ಕೆಲಸಕ್ಕೆ ಬರೋದಿಲ್ಲ. ರಿಮೋಟ್‌ನ ಹೊಸ ತುದಿ ಆಗಲೇ ನಿಮ್ಮ ಯಂತ್ರಕ್ಕೆ ಬಂದಿರುತ್ತೆ, ಲೀಸ್ ಸರಿಯಿದೆ ಅಂದುಕೊಂಡು ಸಹೋದ್ಯೋಗಿಯ ಕಮಿಟ್ ಅಳಿಸುತ್ತೆ. ಜೊತೆಗೆ 2.30ರಲ್ಲಿ ಬಂದ 'ಫೋರ್ಸ್ ಇಫ್ ಇನ್‌ಕ್ಲೂಡ್ಸ್' ಕೂಡ ಕೊಡಬೇಕು.

ಕಪ್ಪುಪರದೆ:
ಮರ್ಜ್ ಅಷ್ಟು ಸುಖ ಆದರೆ ಅದನ್ನು ವಾಪಸ್ ತೆಗೆಯೋದು ಹೇಗೆ ಅಂತಲೂ ಬರೀರಿ. 'ಎಂ 1' (ಮೇನ್ ಕಡೆಯದನ್ನು ಉಳಿಸು ಅಂತ) ಕೊಟ್ಟು ರಿವರ್ಟ್ ಮಾಡ್ತೀರಿ. ಬ್ರಾಂಚ್ ತಿದ್ದಿ ಮತ್ತೆ ಮರ್ಜ್ ಮಾಡಿದರೆ ಹೊಸ ಕಮಿಟ್‌ಗಳು ಮಾತ್ರ ಬರ್ತವೆ, ಹಳೇವು ಬರೋದಿಲ್ಲ, ಯಾಕಂದರೆ ಗಿಟ್ ಲೆಕ್ಕದಲ್ಲಿ ಅವು ಆಗಲೇ ಸೇರಿವೆ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಬೇಕು. ಒಂದು ಎಚ್ಚರಿಕೆಯೂ ಕೊಡದೆ ಅರ್ಧ ಫೀಚರ್ ಮಾಯ.

ಅರ್ಧವಿರಾಮ:
ಅದು ಗಿಟ್ ದಾಖಲೆಯಲ್ಲೇ ಬರೆದಿದೆ. ಓದದೇ ಇರುವವರಿಗಾಗಿ ಇತಿಹಾಸ ಅಳಿಸಬೇಕಾ?

ಸೊನ್ನೆಯಿಂದ:
ಸ್ಟ್ಯಾಶ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ರಾತ್ರಿ ಉಳಿಸೋಕೆ ಸ್ಟ್ಯಾಶ್ ಬೇಡವೇ ಬೇಡ. ಹೊಸ ಫೈಲ್‌ಗಳು ಅದರೊಳಗೆ ಹೋಗೋದಿಲ್ಲ, 'ಯು' ಕೊಟ್ಟರೆ ಮಾತ್ರ ಹೋಗ್ತವೆ. ಯಾವ ಸ್ಟ್ಯಾಶ್ ಯಾವುದಕ್ಕೆ ಅಂತ ವಾರದ ನಂತರ ತಿಳಿಯೋದಿಲ್ಲ. ಎಲ್ಲಕ್ಕಿಂತ ಮುಖ್ಯ, ಅದು ನಿಮ್ಮ ಡಿಸ್ಕ್‌ನಲ್ಲಿ ಮಾತ್ರ ಇರುತ್ತೆ.

'ಅರ್ಧ ಕೆಲಸ' ಅಂತ ಕಮಿಟ್ ಮಾಡಿ ಸ್ವಂತ ಬ್ರಾಂಚಿಗೆ ಪುಶ್ ಮಾಡಿ. ಸಂದೇಶದ ಕೆಳಗೆ ಮೂರು ಸಾಲು: ಯಾವ ಟೆಸ್ಟ್ ಸೋಲ್ತಿದೆ, ಯಾಕೆ ಅಂತ ಅನುಮಾನ, ಬೆಳಿಗ್ಗೆ ಮೊದಲು ಯಾವ ಫಂಕ್ಷನ್ ತೆರೀಬೇಕು. ಬೆಳಿಗ್ಗೆ 'ರೀಸೆಟ್ ಸಾಫ್ಟ್' (ಬದಲಾವಣೆ ಉಳಿಸಿ ಕಮಿಟ್ ಮಾತ್ರ ಬಿಚ್ಚೋದು) ಮಾಡಿ ಮುಂದುವರಿಸಿ. ಕಮಿಟ್ ಆದದ್ದು ಸುಲಭಕ್ಕೆ ಕಳೆಯೋದಿಲ್ಲ. ಯಾವ ಬ್ರಾಂಚಿಗೂ ಸೇರದೆ ಉಳಿದ ಕಮಿಟ್ ಕೂಡ ರೆಫ್‌ಲಾಗ್‌ನಲ್ಲಿ (ಬ್ರಾಂಚಿನ ತುದಿ ಎಲ್ಲೆಲ್ಲಿ ಇತ್ತು ಅನ್ನೋ ದಾಖಲೆ) ಡೀಫಾಲ್ಟಾಗಿ 30 ದಿನ ಸಿಗುತ್ತೆ. ಆದರೆ ಒಮ್ಮೆಯೂ ಆಡ್ ಮಾಡದ ಫೈಲನ್ನು 'ಕ್ಲೀನ್' ಅಳಿಸಿದರೆ ಗಿಟ್‌ನಲ್ಲಿ ಅದರ ಗುರುತೂ ಇರೋದಿಲ್ಲ.

ಮಧ್ಯೆ ತುರ್ತು ಬಗ್ ಬಂದರೆ 'ವರ್ಕ್‌ಟ್ರೀ' (ಅದೇ ರೆಪೊದ ಇನ್ನೊಂದು ಕೆಲಸದ ಫೋಲ್ಡರ್) ತೆರೀರಿ. ಇಗ್ನೋರ್ ಆದ ಕಾನ್ಫಿಗ್ ಫೈಲ್, ಡಿಪೆಂಡೆನ್ಸಿ ಫೋಲ್ಡರ್ ಅಲ್ಲಿಗೆ ಬರೋದಿಲ್ಲ, ಪ್ರತಿಸಲ ಪೂರ್ತಿ ಇನ್‌ಸ್ಟಾಲ್. ಅದಕ್ಕೇ ಒಂದು ವರ್ಕ್‌ಟ್ರೀಯನ್ನು ಸದಾ ಸಿದ್ಧವಾಗಿಟ್ಟಿರಬೇಕು.

ಪುಟ್ಟಕಮಿಟ್:
ಸರಿಯಾದ ಮಾತು. ಪುಶ್ ಮಾಡುವ ಮುಂಚೆ ಡೀಬಗ್ ಪ್ರಿಂಟ್‌ಗಳನ್ನು ಹಿಡಿಯೋಕೂ 'ಆಡ್ ಪಿ'ಯೇ ದಾರಿ.

ಅರ್ಧವಿರಾಮ:
ಪ್ರಿಂಟ್ ಯಾಕೆ ಹಾಕಬೇಕು? ಡೀಬಗರ್ ಇಲ್ವಾ? ಬ್ರೇಕ್‌ಪಾಯಿಂಟ್‌ಗೆ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಷರತ್ತು ಹಾಕಿದರೆ ಹತ್ತು ಸಾವಿರದ ಲೂಪ್‌ನಲ್ಲೂ ಬೇಕಾದ ಸುತ್ತಿಗೇ ನಿಲ್ಲುತ್ತೆ.

ಪುಟ್ಟಕಮಿಟ್:
ನಿಲ್ಲುತ್ತೆ, ಆದರೆ ಪ್ರತಿ ಸುತ್ತಿಗೂ ಷರತ್ತು ನೋಡ್ತಾ ಪ್ರೋಗ್ರಾಂ ಎಳೆದಾಡುತ್ತೆ. ಎರಡು ಥ್ರೆಡ್‌ಗಳ ಪೈಪೋಟಿಯಿಂದ ಬರುವ ಬಗ್ ಆದರೆ ನೀವು ನಿಲ್ಲಿಸಿದ ಕ್ಷಣವೇ ಕಾಣೆಯಾಗುತ್ತೆ. ಸರ್ವರ್ ನಿಲ್ಲಿಸಿದರೆ ಆ ಕಡೆ ಟೈಮ್‌ಔಟ್ ಆಗಿ ಕನೆಕ್ಷನ್ ಮುಚ್ಚಿರುತ್ತೆ, ನೀವು ನೋಡ್ತಿರೋದು ಬೇರೆಯದೇ ದೋಷ. ಅಲ್ಲಿಗೆಲ್ಲ ಲಾಗೇ ಬೇಕು.

ಕಪ್ಪುಪರದೆ:
ಪ್ರಿಂಟ್ ಕೂಡ ಸಮಯ ಬದಲಿಸುತ್ತೆ, ಅದನ್ನು ಹೇಳೋದಿಲ್ಲ ನೀವು. 'ಕೊನೆಯ ಪ್ರಿಂಟ್ ಬರಲಿಲ್ಲ, ಹಾಗಾಗಿ ಆ ಸಾಲು ಓಡಿಲ್ಲ' ಅಂತ ತೀರ್ಮಾನ ಮಾಡಿ ದಿನಗಟ್ಟಲೆ ತಪ್ಪು ಫಂಕ್ಷನ್ ಕೆದಕುವವರು ಎಲ್ಲ ತಂಡದಲ್ಲೂ ಇದ್ದಾರೆ. ಸಿ ಪ್ರೋಗ್ರಾಂನ ಔಟ್‌ಪುಟ್ ಟರ್ಮಿನಲ್‌ಗೆ ಹೋದರೆ ಸಾಮಾನ್ಯವಾಗಿ ಸಾಲು ಸಾಲಾಗಿ ಬರುತ್ತೆ. ಫೈಲಿಗೋ ಪೈಪಿಗೋ ತಿರುಗಿಸಿದರೆ ಬಫರ್ ತುಂಬುವ ತನಕ ಒಳಗೇ ಕೂತಿರುತ್ತೆ. ಕ್ರ್ಯಾಶ್ ಆದರೆ ಅಷ್ಟೂ ಹೋಯ್ತು. ಸ್ಟ್ಯಾಂಡರ್ಡ್ ಎರರ್‌ಗೆ ಬರೀರಿ, ಇಲ್ಲ ಪ್ರತಿ ಪ್ರಿಂಟ್ ಆದಮೇಲೆ ಫ್ಲಶ್ ಮಾಡಿ.

ಪುಟ್ಟಕಮಿಟ್:
ಫ್ಲಶ್ ಮಾಡದೆ ಲಾಗ್ ಬರೆಯುವವರ ಬಗ್ಗೆ ನಾನು ಮಾತಾಡಲೇ ಇಲ್ಲ.

ಹೊಸಕವಲು:
ಸಂಜೆಯ ಕಮಿಟ್, ಸಿದ್ಧ ವರ್ಕ್‌ಟ್ರೀ, ಎರಡನ್ನೂ ನಿಯಮದಲ್ಲಿ ಬರೀತೀನಿ. ನಮ್ಮ ಟೆಸ್ಟ್‌ಗೆ 14 ನಿಮಿಷ ಬೇಕು, ಹಾಗಾಗಿ ಎಕ್ಸೆಕ್ ಸಾಧ್ಯ ಇಲ್ಲ. ಇದರಲ್ಲಿ ಸ್ಕ್ವಾಶೋ, ಮರ್ಜೋ?

ಅರ್ಧವಿರಾಮ:
ಮರ್ಜ್.

ಕಪ್ಪುಪರದೆ:
ಸ್ಕ್ವಾಶ್. ಬ್ರಾಂಚ್ 400 ಸಾಲು ದಾಟದ ಹಾಗೆ ನೋಡ್ಕೊಳ್ಳಿ.

ಪುಟ್ಟಕಮಿಟ್:
14 ನಿಮಿಷದ್ದು ಪೂರ್ತಿ ಸೂಟ್. ಎಕ್ಸೆಕ್‌ಗೆ ಕಂಪೈಲ್ ಮತ್ತು ಬದಲಾದ ಮಾಡ್ಯೂಲಿನ ಟೆಸ್ಟ್ ಮಾತ್ರ ಕೊಡಿ, ಪೂರ್ತಿ ಸೂಟ್ ತುದಿಗೆ ಒಂದು ಸಲ ಓಡಲಿ.