ಹೃದಯದ ಡಾಕ್ಟರ್ ಚುನಾವಣೆಗೆ ನಿಲ್ಲಬಹುದಾ? ನಿಂತವರು ಹೇಳಿ

ಪ್ರಶ್ನೆ: ನನಗೆ 46. ಖಾಸಗಿ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ. ವಿಧಾನಸಭೆಗೆ ಟಿಕೆಟ್ ಕೊಡ್ತೀವಿ ಅಂತ ಪಕ್ಷದವರು ಎರಡು ಸಲ ಮನೆಗೆ ಬಂದಿದ್ದಾರೆ. ಹೆಂಡತಿಗೆ ಇಷ್ಟ ಇಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಠೇವಣಿ ಹೋದವನು: 2023ರಲ್ಲಿ ಪಕ್ಷೇತರನಾಗಿ ನಿಂತಿದ್ದೆ. ಠೇವಣಿ 10,000. ಆರನೇ ಒಂದು ಭಾಗ ಮತ ಬರಲಿಲ್ಲ, ಹೋಯ್ತು. ಅದು ಲೆಕ್ಕಕ್ಕೇ ಇಲ್ಲ ಬಿಡಿ. ಖರ್ಚಿನ ಮಿತಿ 40 ಲಕ್ಷ, ನನ್ನದು 31 ಲಕ್ಷ ಆಯ್ತು. ಪೆಂಡಾಲ್, ಕುರ್ಚಿ, ಆಟೋ ಮೈಕ್, ಬೂತ್ ಏಜೆಂಟರ ಊಟ, ಒಂದೊಂದನ್ನೂ ರಿಜಿಸ್ಟರಿನಲ್ಲಿ ಬರೀಬೇಕು. ಮೂರು ಸಲ ತಪಾಸಣೆ. ಫಲಿತಾಂಶ ಬಂದು 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಸೋತ ಮೇಲೆ ಬಿಲ್ಲು ಹುಡುಕುತ್ತಾ ಕೂತಿದ್ದೆ.

ಅದಕ್ಕಿಂತ ನೋವು ಬೇರೆ. ನಾಲ್ಕು ತಿಂಗಳು ಕ್ಯಾಥ್ ಲ್ಯಾಬ್, ಅಂದರೆ ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಮಾಡೋ ಕೋಣೆ, ಬಿಟ್ಟಿದ್ದೆ. ವಾಪಸ್ ಹೋದ ದಿನ ರೋಗಿಯ ಮಣಿಕಟ್ಟಿನ ರಕ್ತನಾಳದಿಂದ ಹೃದಯದ ಕಡೆ ವೈರ್ ಏರಿಸುವಾಗ ಕೈ ಹೇಳಿದ ಹಾಗೆ ಕೇಳಲಿಲ್ಲ. ಪಕ್ಕದಲ್ಲಿದ್ದ ಟೆಕ್ನಿಷಿಯನ್ ಒಮ್ಮೆ ನನ್ನ ಮುಖ ನೋಡಿದ. ಆ ನೋಟ ಇನ್ನೂ ಮರೆತಿಲ್ಲ.

ಮಾಜಿ ಸದಸ್ಯೆ: ಪಕ್ಷೇತರ ನಿಂತರೆ ಇನ್ನೇನಾಗುತ್ತೆ? ನಾನು ಐದು ವರ್ಷ ನಗರಸಭೆಯಲ್ಲಿದ್ದೆ, ಭಾನುವಾರದ ಓಪಿಡಿ ಒಂದೂ ತಪ್ಪಿಸಲಿಲ್ಲ. ಬೆಳಿಗ್ಗೆ ಆರಕ್ಕೆ ನೀರು ಬಂದಿಲ್ಲ ಅಂತ ಫೋನ್ ಮಾಡಿದವರೇ, ಹಾಗೇ ಎದೆ ಉರಿ ಅಂತಲೂ ಹೇಳೋರು. ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ, ಅದರ ಬೆಲೆ ನೋಡಿ. ನಾವು ವರ್ಷಗಟ್ಟಲೆ ಗೊಣಗಿದೆವು. 2017ರ ಫೆಬ್ರವರಿಯಲ್ಲಿ ಒಂದು ಸರ್ಕಾರಿ ಆದೇಶ ಬಂತು, ಔಷಧ ಲೇಪಿಸಿದ ಸ್ಟೆಂಟ್ 29,600ಕ್ಕೆ ಇಳಿಯಿತು. ಅಧಿಕಾರ ಅಂದರೆ ಅದು.

ಠೇವಣಿ ಹೋದವನು: ಮೇಡಂ, ವಾರ್ಡಿಗೂ ವಿಧಾನಸಭೆಗೂ ಹೋಲಿಕೆ ಬೇಡ. ಸ್ಟೆಂಟ್ ಇಳಿದರೂ ಆಸ್ಪತ್ರೆ ಬಿಲ್ಲು ಇಳಿಯಿತಾ? ಬೇರೆ ಹೆಸರಲ್ಲಿ ಸೇರಿಸಿದರು.

ಮಾಜಿ ಸದಸ್ಯೆ: ನಿಮ್ಮ ಆಸ್ಪತ್ರೆಯಲ್ಲಿ ಸೇರಿಸಿರಬೇಕು. ನಮ್ಮಲ್ಲಿ ಇಲ್ಲ.

ಟಿಕೆಟ್ ಬೇಡ ಅಂದವನು: ಇಬ್ಬರೂ ಸುಮ್ನಿರಿ. ಡಾ. ಸಿ.ಎನ್. ಮಂಜುನಾಥ್ ಅವರನ್ನು ನೋಡಿ. 2024ರ ಜನವರಿಯವರೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ನಿರ್ದೇಶಕರು. ಅದೇ ವರ್ಷ ಲೋಕಸಭೆಗೆ ಬೆಂಗಳೂರು ಗ್ರಾಮಾಂತರದಲ್ಲಿ ಬಿಜೆಪಿಯಿಂದ ನಿಂತು 2.69 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಅಂದವರು. ಮೊದಲು ಕೆಲಸ, ಆಮೇಲೆ ರಾಜಕೀಯ.

ನನಗೂ ಕರೆ ಬಂದಿತ್ತು. ಸರ್ಕಾರಿ ನೌಕರಿ, ನಿಲ್ಲಬೇಕಾದರೆ ರಾಜೀನಾಮೆ ಕೊಡಬೇಕು. ಪಿಂಚಣಿಗೆ ಹೆದರಿ ಬೇಡ ಅಂದೆ. ನನ್ನ ಬದಲು ನಿಂತವರು ಗೆದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತಿಗೂ ಹೃದಯದ ಡಾಕ್ಟರ್ ಇಲ್ಲ. ರಾತ್ರಿ ನಿದ್ದೆ ಬರಲ್ಲ.

ಠೇವಣಿ ಹೋದವನು: ಮಂಜುನಾಥ್ ಅವರ ಮಾವ ಮಾಜಿ ಪ್ರಧಾನಿ, ಅದನ್ನೂ ಹೇಳಿ.

ಟಿಕೆಟ್ ಬೇಡ ಅಂದವನು: ದೇವೇಗೌಡರ ಅಳಿಯ ಅನ್ನೋದು ಊರಿಗೇ ಗೊತ್ತು. ಮಾವನ ಹೆಸರಿಗೆ ಅಷ್ಟು ಅಂತರ ಬರುತ್ತಾ? ಜಯದೇವದಲ್ಲಿ ಜೀವ ಉಳಿದವರ ಮನೆ ಎಷ್ಟಿದೆ ಅಂತ ನಿಮಗೆ ಗೊತ್ತಿಲ್ಲ.

ಠೇವಣಿ ಹೋದವನು: ನಾನು ಉಳಿಸಿದವರೂ ಇದ್ದಾರೆ ಸರ್. ನನಗೆ ವೋಟು ಹಾಕಲಿಲ್ಲ. 12 ಲಕ್ಷ ಸಾಲ ಇನ್ನೂ ಇದೆ, ಐದನೇ ತಾರೀಕು ಕಂತು.